ಎಷ್ಟು ದಿನ ಹೊಸಬರು?

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯ ಗೆಳೆಯ ಲಾತೂರಿನ ಕಡೆಯವನು. ಹೋದ ವರ್ಷ ಅವನು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾಗ ನಾನೂ ಜೊತೆಗೆ ಕೂತಿದ್ದೆ. ಅವನ ಹಳೆಯ ಪ್ರಮಾಣಪತ್ರವೊಂದರಲ್ಲಿ ‘ನವಬೌದ್ಧ’ ಎಂದಿತ್ತು. ದೀಕ್ಷೆ ತೆಗೆದುಕೊಂಡದ್ದು ಅವನ ಅಜ್ಜ, 1956ರಲ್ಲಿ. ಅಪ್ಪ ಹುಟ್ಟಿದ್ದೇ ಬೌದ್ಧರಾಗಿ, ಇವನೂ ಹಾಗೆಯೇ. “ಮೂರು ತಲೆಮಾರಾಯ್ತು ಮಾರಾಯ, ಇನ್ನೂ ನವ! ಅಜ್ಜ ಹೋಗಿಯೇ ಇಪ್ಪತ್ತು ವರ್ಷ ಆಯ್ತು” ಎಂದು ನಕ್ಕ. ನನ್ನ ಪಿಎಚ್‌.ಡಿ. ವಿಷಯಕ್ಕೂ ಈ ಮಾತಿಗೂ ನೇರ ಸಂಬಂಧವಿಲ್ಲ. ಆದರೂ ಆ ‘ನವ’ ಎಂಬ ಎರಡಕ್ಷರ ತಲೆಯಿಂದ ಹೋಗಲಿಲ್ಲ. ಒಬ್ಬ ಮನುಷ್ಯ ಎಷ್ಟು ದಿನ ಹೊಸಬನಾಗಿರಬಹುದು? ಬೇರೆ ಬೇರೆ ಭಾಷೆಗಳು ಈ ಹೊಸಬನನ್ನು ಏನೆಂದು ಕರೆದಿವೆ ಎಂದು ಹುಡುಕುತ್ತ ಹೋದೆ.

ಕೆಲಸ ಕಲಿಯುವವನ ವಿಷಯದಲ್ಲಿ ತೊಡಕಿಲ್ಲ. ನಮ್ಮಲ್ಲಿ ಎಳಸು ಎನ್ನುತ್ತೇವೆ, ಇನ್ನೂ ಓನಾಮ ಕಲಿಯುತ್ತಿದ್ದಾನೆ ಎನ್ನುತ್ತೇವೆ, ಬೆಂಗಳೂರಿನ ಕಂಪನಿಗಳಲ್ಲಿ ಫ್ರೆಶರ್ ಎನ್ನುತ್ತಾರೆ. ಈ ಪದಗಳು ತಾವಾಗಿಯೇ ಉದುರಿಹೋಗುತ್ತವೆ. ಐದು ವರ್ಷ ಕೆಲಸ ಮಾಡಿದವನನ್ನು ಯಾರೂ ಫ್ರೆಶರ್ ಎನ್ನುವುದಿಲ್ಲ, ಅವನ ಮಗನನ್ನಂತೂ ಖಂಡಿತ ಇಲ್ಲ. ಧರ್ಮ ಬದಲಿಸಿದವನಿಗೆ ಅಂಟುವ ‘ಹೊಸ’ ಮಾತ್ರ ಹೀಗೆ ಉದುರುತ್ತದೆಂಬ ಖಾತ್ರಿ ಇಲ್ಲ.

ಗ್ರೀಕರ ‘ನಿಯೋಫ್ಯೂಟೋಸ್’ ಎಂಬ ಪದದ ಅರ್ಥ ಹೊಸದಾಗಿ ನೆಟ್ಟದ್ದು, ಅಂದರೆ ಸಸಿ. ಆರಂಭದ ಕ್ರೈಸ್ತರು ಹೊಸದಾಗಿ ಬಂದವರನ್ನು ಹೀಗೆ ಕರೆದರು. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರ ಇಂಥವನನ್ನು ಸಭಾಧ್ಯಕ್ಷನನ್ನಾಗಿ ಮಾಡಬೇಡಿ, ತಲೆಗೆ ಅಹಂಕಾರ ಏರೀತು ಎಂದು ಎಚ್ಚರಿಸುತ್ತದೆ. ಸಸಿ ಬೇರು ಬಿಡಲಿ ಎಂಬ ಕಾಳಜಿಯ ಮಾತು ಅದು. ನಿಯಮಕ್ಕೆ ವಿನಾಯಿತಿಯೂ ಇತ್ತು. 374ರಲ್ಲಿ ಮಿಲಾನಿನ ಜನ ಆಂಬ್ರೋಸನನ್ನು ಬಿಷಪ್ ಆಗಿ ಆರಿಸಿದಾಗ ಅವನಿಗಿನ್ನೂ ದೀಕ್ಷಾಸ್ನಾನವೇ ಆಗಿರಲಿಲ್ಲ. ಅದನ್ನು ಮುಗಿಸಿ ವಾರದೊಳಗೆ ಪೀಠಕ್ಕೇರಿಸಿದರು.

ಲ್ಯಾಟಿನ್ನಿನ ‘ನೋವಿಕಿಯುಸ್’ ಪದದ ಕಥೆ ಇಷ್ಟು ಹಸಿರಲ್ಲ. ಕ್ರೈಸ್ತ ಮಠಗಳಲ್ಲಿ ತರಬೇತಿಯಲ್ಲಿರುವವರನ್ನು ಇಂದಿಗೂ ನೋವಿಸ್ ಎನ್ನುತ್ತಾರಲ್ಲ, ಅದರ ಮೂಲ ಇದೇ. ಆದರೆ ರೋಮಿನ ಕಾನೂನಿನಲ್ಲಿ ಇದು ಗುಲಾಮರ ಸಂತೆಯ ಮಾತು, ಹೊಸದಾಗಿ ಗುಲಾಮನಾದವನು ಎಂದರ್ಥ. ಅವನಿಗೆ ಎದುರಾಗಿ ‘ವೆಟರಾಟೋರ್’, ಅಂದರೆ ಪಳಗಿದ ಗುಲಾಮ. ಪಳಗಿದವನನ್ನು ಹೊಸಬನೆಂದು ಹೇಳಿ ಮಾರುವ ಹಾಗಿಲ್ಲ ಎಂದು ಸಂತೆಯ ಅಧಿಕಾರಿಗಳ ಶಾಸನವಿತ್ತು. ಕಾರಣವನ್ನು ಕಾನೂನು ಪಂಡಿತ ಉಲ್ಪಿಯನ್ ವಿವರಿಸಿದ್ದಾನೆ: ಹೊಸಬ ಮುಗ್ಧ, ಹೇಳಿದ್ದನ್ನು ಕಲಿಯುತ್ತಾನೆ, ಹಳಬನನ್ನು ತಿದ್ದುವುದು ಕಷ್ಟ. ಹೀಗಾಗಿ ಹೊಸಬನಿಗೇ ಬೆಲೆ ಹೆಚ್ಚು. ಸುಂಕದ ಕಾನೂನು ಗಡುವನ್ನೂ ಹೇಳುತ್ತದೆ. ನಗರದಲ್ಲಿ ಒಂದು ವರ್ಷ ದುಡಿದ ಗುಲಾಮ ಮುಂದೆ ಹೊಸಬನಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ನಿಯಮ ಬರೆದಾಗ ಹೊಸಬರನ್ನು ಪರೀಕ್ಷಿಸಲು ಎರಡು ತಿಂಗಳು, ಆರು ತಿಂಗಳು, ನಾಲ್ಕು ತಿಂಗಳು ಎಂದು ಹಂತ ಹಾಕಿದ. ಕೂಡಿದರೆ ಅದೂ ಒಂದು ವರ್ಷವೇ. ಒಂದರಿಂದ ಇನ್ನೊಂದು ಬಂತೆಂದು ನಾನು ಹೇಳುತ್ತಿಲ್ಲ.

ನಮ್ಮ ‘ಚೇಲಾ’ ಎಂಬ ಪದವೂ ಇದೇ ಜಾಡಿನದು. ಸಂಸ್ಕೃತದಲ್ಲಿ ‘ಚೇಟ’ ಎಂದರೆ ಆಳು, ಸೇವಕ. ಹಿಂದಿಗೆ ಬರುವಾಗ ಅದು ಶಿಷ್ಯನಾಯಿತು. ಅಕ್ಬರನಿಗೆ ಮನುಷ್ಯರನ್ನು ಗುಲಾಮರೆಂದು ಕರೆಯುವುದು ಸರಿಬೀಳದೆ ತನ್ನ ಗುಲಾಮರಿಗೆ ಚೇಲಾ ಎಂದು ಹೆಸರಿಟ್ಟನೆಂದು ಅಬುಲ್ ಫಜಲ್ ಬರೆಯುತ್ತಾನೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದಲ್ಲಿ ಸೆರೆಸಿಕ್ಕವರನ್ನು ಮತಾಂತರಿಸಿ ಕಟ್ಟಿದ ಪಡೆಗಳಿಗೂ ಇದೇ ಹೆಸರು. ಚಿತ್ರದುರ್ಗದ ಹುಡುಗರೂ ಸೆರೆಯಾದ ಇಂಗ್ಲಿಷ್ ಸಿಪಾಯಿಗಳೂ ಅದರಲ್ಲಿದ್ದರು. ಈಗ ಕನ್ನಡದಲ್ಲಿ ಚೇಲಾ ಎಂದರೆ ರಾಜಕಾರಣಿಯ ಹಿಂದೆ ಸುತ್ತುವವನು. ಒಂದು ರೀತಿಯಲ್ಲಿ ಪದ ಮನೆಗೆ ವಾಪಸಾಗಿದೆ.

ಗಡುವಿನ ಮಾತಿಗೆ ಬರುತ್ತೇನೆ. ಪಾಳಿಯ ವಿನಯಪಿಟಕದಲ್ಲಿ ಬೇರೆ ಪಂಥದಿಂದ ಬಂದು ಭಿಕ್ಷುವಾಗ ಬಯಸುವವನಿಗೆ ನಾಲ್ಕು ತಿಂಗಳ ಪರಿವಾಸ ಹೇಳಿದೆ. ನಡವಳಿಕೆ ನೋಡುತ್ತಾರೆ, ಆಮೇಲೆ ಸೇರಿಸಿಕೊಳ್ಳುತ್ತಾರೆ. ಬುದ್ಧನ ಕುಲದವರಾದ ಶಾಕ್ಯರಿಗೆ ಮತ್ತು ಅಗ್ನಿಪೂಜಕ ಜಟಿಲರಿಗೆ ಅದೂ ಬೇಡ. ನಾಲ್ಕು ತಿಂಗಳೋ ಒಂದು ವರ್ಷವೋ, ಅಂತೂ ಹೊಸತನಕ್ಕೆ ಕೊನೆಯ ದಿನವೊಂದಿತ್ತು.

ಇನ್ನೂ ಮುಂದೆ ಹೋದವರಿದ್ದಾರೆ. ಹೀಬ್ರೂವಿನ ‘ಗೇರ್’ ಎಂದರೆ ಮೊದಲು ಪರಸ್ಥಳದಿಂದ ಬಂದು ನೆಲೆಸಿದವನು. ಗ್ರೀಕಿಗೆ ಅದನ್ನು ‘ಪ್ರೊಸೆಲ್ಯೂಟೋಸ್’ ಎಂದು, ಅಂದರೆ ಬಂದು ಸೇರಿದವನು ಎಂದು ಅನುವಾದಿಸಿದರು. ಕ್ರಮೇಣ ಎರಡೂ ಪದಗಳಿಗೆ ಯೆಹೂದಿ ಧರ್ಮಕ್ಕೆ ಬಂದವನು ಎಂಬ ಅರ್ಥ ನಿಂತಿತು. ಸುಮಾರು ಕ್ರಿ.ಶ. 200ರಲ್ಲಿ ಸಂಗ್ರಹವಾದ ಮಿಶ್ನಾ ಇಂಥವರ ಮಕ್ಕಳಿಗೆ ನಿನ್ನ ಹಿರಿಯರು ಏನು ಮಾಡುತ್ತಿದ್ದರು ನೆನಪಿಸಿಕೋ ಎಂದು ಹಂಗಿಸುವುದನ್ನು ನಿಷೇಧಿಸುತ್ತದೆ. ಕುತೂಹಲವೆಂದರೆ ಈ ನಿಷೇಧ ಬರುವುದು ವ್ಯಾಪಾರದಲ್ಲಿ ಮೋಸ ಮಾಡಬಾರದು ಎಂಬ ನಿಯಮಗಳ ಜೊತೆಗೆ. ಮಾತಿನಿಂದ ನೋಯಿಸುವುದೂ ತೂಕದಲ್ಲಿ ಮೋಸ ಮಾಡಿದಂತೆಯೇ.

ಇದನ್ನು ಓದಿದಾಗ ಕನ್ನಡದವರಿಗೆ ಕಲ್ಯಾಣ ನೆನಪಾಗದೆ ಇರುವುದಿಲ್ಲ. ಶರಣರ ನಡುವೆ ಹೊರಗಿನವನಿಗೆ ‘ಭವಿ’ ಎಂಬ ಪದವಿದೆ, ಒಳಗಿನವನಿಗೆ ‘ಭಕ್ತ’ ಎಂಬುದಿದೆ. ‘ಹೊಸ ಭಕ್ತ’ ಎಂಬ ಮೂರನೆಯ ವರ್ಗವನ್ನು ಅವರು ಮಾಡಲಿಲ್ಲ. ಬದಲಾಗಿ ದಾಟಿ ಬಂದ ದಡಕ್ಕೆ ಹೆಸರಿಟ್ಟರು: ಪೂರ್ವಾಶ್ರಯ. ಲಿಂಗ ಕಟ್ಟಿದ ಮೇಲೆ ಪೂರ್ವಾಶ್ರಯವನ್ನು ಅರಸುವುದು ತಪ್ಪು. ತಪ್ಪು ಕೇಳಿದವನದು, ಬಂದವನದಲ್ಲ. ಪರಂಪರೆ ಹೇಳುವಂತೆ ಮಧುವರಸ ಮತ್ತು ಹರಳಯ್ಯನವರ ಮಕ್ಕಳ ಮದುವೆ ಶರಣರ ಕಣ್ಣಿಗೆ ಇಬ್ಬರು ಶರಣರ ಮನೆಯ ಮದುವೆ. ಬಿಜ್ಜಳನ ಆಸ್ಥಾನ ಕಂಡದ್ದು ಪೂರ್ವಾಶ್ರಯವನ್ನು, ಒಬ್ಬ ಬ್ರಾಹ್ಮಣನನ್ನು ಮತ್ತು ಒಬ್ಬ ಸಮಗಾರನನ್ನು. ಅದಕ್ಕೆ ಬಿದ್ದ ಶಿಕ್ಷೆ ನಮಗೆಲ್ಲ ಗೊತ್ತು. ಮುಂದೆ ನಮ್ಮ ಮಠಗಳೂ ವಧೂವರರ ಜಾಹೀರಾತುಗಳೂ ಪೂರ್ವಾಶ್ರಯವನ್ನು ಎಷ್ಟು ಮರೆತವು ಎಂಬುದೂ ಗೊತ್ತು.

‘ಹೊಸ’ ಎಂಬುದು ಉದುರದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಉದಾಹರಣೆ ಇದೆ. 1292ರ ಸುಮಾರಿಗೆ ದಂಡೆತ್ತಿ ಬಂದ ಮಂಗೋಲರಲ್ಲಿ ಒಂದು ಗುಂಪು ಜಲಾಲುದ್ದೀನ್ ಖಿಲ್ಜಿಯ ಬಳಿಯೇ ಉಳಿದು, ಇಸ್ಲಾಮಿಗೆ ಸೇರಿ, ದೆಹಲಿಯ ಸುತ್ತ ನೆಲೆಸಿತು. ಅವರಿಗೆ ಬಿದ್ದ ಹೆಸರು ‘ನೌ ಮುಸಲ್ಮಾನ್’. ಸುಮಾರು ಇಪ್ಪತ್ತು ವರ್ಷಗಳ ನಂತರವೂ ಆ ಹೆಸರು ಹೋಗಿರಲಿಲ್ಲ. ಅವರಲ್ಲಿ ಕೆಲವರು ಸಂಚು ಮಾಡಿದರೆಂದು ಅಲಾವುದ್ದೀನ್ ಆ ಹೆಸರಿನವರನ್ನೆಲ್ಲ ಕೊಲ್ಲಲು ಆಜ್ಞೆ ಮಾಡಿದ. ಸತ್ತ ಸಾವಿರಾರು ಜನರಲ್ಲಿ ಹೆಚ್ಚಿನವರಿಗೆ ಸಂಚಿನ ಸುದ್ದಿಯೇ ಗೊತ್ತಿರಲಿಲ್ಲ ಎಂದು ಇತಿಹಾಸಕಾರ ಬರನಿಯೇ ಬರೆದಿದ್ದಾನೆ. ಪಟ್ಟಿ ಮಾಡಲು ಆ ಹೆಸರೊಂದು ಸಾಕಾಗಿತ್ತು.

ಸ್ಪೇನ್ ಮತ್ತು ಪೋರ್ಚುಗಲ್ ಇದನ್ನು ಕಾನೂನೇ ಮಾಡಿದವು. ಯೆಹೂದಿ ಮೂಲದ ಕ್ರೈಸ್ತರು ‘ಹೊಸ ಕ್ರೈಸ್ತರು’, ಉಳಿದವರು ‘ಹಳೆಯ ಕ್ರೈಸ್ತರು’. 1449ರಲ್ಲಿ ಟೊಲೆಡೊ ನಗರದ ದಂಗೆಕೋರರು ಹೊಸ ಕ್ರೈಸ್ತರಿಗೆ ಅಧಿಕಾರದ ಹುದ್ದೆ ಕೂಡದೆಂದು ಶಾಸನ ಹೊರಡಿಸಿದರು. ಪೋಪ್ ಅದೇ ವರ್ಷ ಅದನ್ನು ಖಂಡಿಸಿದರೂ ರಕ್ತಶುದ್ಧಿಯ ನಿಯಮಗಳು ಹಬ್ಬುತ್ತಲೇ ಹೋದವು. ಜೆಸ್ಯೂಟರ ಎರಡನೆಯ ಮುಖ್ಯಸ್ಥ ಲೈನೆಸ್ ಸ್ವತಃ ಇಂಥ ಮನೆತನದವನು. ಆದರೂ 1593ರಲ್ಲಿ ಅವರು ಇಂಥವರಿಗೆ ಬಾಗಿಲು ಮುಚ್ಚಿದರು. 1608ರಲ್ಲಿ ಐದು ತಲೆಮಾರು ಸಾಕು ಎಂದು ಸ್ವಲ್ಪ ಸಡಿಲಿಸಿದರು. ನಿಯಮ ಪೂರ್ತಿಯಾಗಿ ಹೋದದ್ದು 1946ರಲ್ಲಿ. ಇಸವಿಯನ್ನು ನಾನು ಎರಡು ಸಲ ನೋಡಿದೆ.

ಇದರ ಬಿಸಿ ನಮ್ಮ ಪಕ್ಕದ ಗೋವೆಗೂ ಬಂತು. ಗಾರ್ಸಿಯಾ ದ ಓರ್ತಾನ ತಂದೆತಾಯಿ 1492ರಲ್ಲಿ ಸ್ಪೇನಿನಿಂದ ಹೊರಬಿದ್ದ ಯೆಹೂದಿಗಳು. 1497ರಲ್ಲಿ ಪೋರ್ಚುಗಲ್ಲಿನಲ್ಲಿ ಯೆಹೂದಿಗಳಿಗೆಲ್ಲ ಬಲವಂತದ ದೀಕ್ಷಾಸ್ನಾನವಾಯಿತು. ಗಾರ್ಸಿಯಾ ಹುಟ್ಟಿದ್ದು ಅದಾದ ಮೇಲೆ, ಅಂದರೆ ಕಾಗದದ ಮೇಲೆ ಹುಟ್ಟು ಕ್ರೈಸ್ತ. ಆದರೂ ಹೊಸಬನೇ. ವೈದ್ಯನಾಗಿ 1534ರಲ್ಲಿ ಗೋವೆಗೆ ಬಂದು, ಮೆಣಸು, ಏಲಕ್ಕಿ, ವೀಳ್ಯ, ಮಾವು ಎಂದು ಇಲ್ಲಿನ ಗಿಡಮರಗಳ ಬಗ್ಗೆ ಸಂಭಾಷಣೆಯ ರೂಪದಲ್ಲಿ ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಅಷ್ಟರಲ್ಲಿ, 1560ರಲ್ಲಿ, ಗೋವೆಗೆ ಇನ್‌ಕ್ವಿಸಿಷನ್ ಬಂದಿತ್ತು. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕತರೀನಾಳನ್ನು ಗುಟ್ಟಾಗಿ ಯೆಹೂದಿಯಾಗಿದ್ದಾಳೆಂದು ಸುಟ್ಟರು. 1580ರಲ್ಲಿ ಗಾರ್ಸಿಯಾನ ಮೂಳೆಗಳನ್ನು ಅಗೆದು ತೆಗೆದು ಅವನ್ನೂ ಸುಟ್ಟರು. ಪೋರ್ಚುಗಲ್ ಹೊಸ, ಹಳೆಯ ಎಂಬ ಭೇದವನ್ನು ಕಾನೂನಿನಿಂದ ಅಳಿಸಿದ್ದು 1773ರಲ್ಲಿ, ಬಲವಂತದ ದೀಕ್ಷೆಯಾಗಿ 276 ವರ್ಷಗಳ ನಂತರ.

ಯುರೋಪಿನ ಸಸ್ಯವಿಜ್ಞಾನಿಗಳು ಇಂದಿಗೂ ನಿಯೋಫೈಟ್ ಎಂಬ ಪದ ಬಳಸುತ್ತಾರೆ. ಹೊರಗಿನಿಂದ ಬಂದು ಅಲ್ಲಿನ ನೆಲದಲ್ಲಿ ಬೇರೂರಿದ ಸಸ್ಯಗಳನ್ನು ಅವರು ಎರಡು ಗುಂಪು ಮಾಡುತ್ತಾರೆ, ಸುಮಾರು 1492ಕ್ಕೆ ಮೊದಲು ಬಂದವು ಹಳೆಯವು, ಆಮೇಲೆ ಬಂದವು ‘ಹೊಸದಾಗಿ ನೆಟ್ಟವು’. ಆ ಇಸವಿಗೆ ಕಾರಣ ಕೊಲಂಬಸ್, ಯೆಹೂದಿಗಳಲ್ಲ. ಆದರೂ ನಾಲ್ಕು ನೂರು ವರ್ಷದಿಂದ ಅದೇ ಮಣ್ಣಿನಲ್ಲಿ ಮೊಳೆಯುತ್ತಿರುವ ಗಿಡವೂ ಪಟ್ಟಿಯಲ್ಲಿ ಹೊಸದೇ. ಗಿಡಕ್ಕೆ ಅದರಿಂದ ತೊಂದರೆಯಿಲ್ಲ.

ಇನ್ನು ಗೆಳೆಯನ ‘ನವ’. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ದೀಕ್ಷೆ ಪಡೆದು, ಸೇರಿದ್ದ ಲಕ್ಷಾಂತರ ಜನರಿಗೂ ಕೊಟ್ಟರು. ಹಿಂದಿನ ದಿನ ಪತ್ರಕರ್ತರೊಂದಿಗೆ ಮಾತಾಡುವಾಗ ಇದನ್ನು ನವಯಾನ ಎನ್ನಬಹುದು ಎಂದಿದ್ದರು. ಅಲ್ಲಿ ಹೊಸದಾಗಿದ್ದದ್ದು ಯಾನ, ಪಯಣಿಗನಲ್ಲ. ಸರ್ಕಾರಿ ಕಡತಕ್ಕೆ ಬರುವಷ್ಟರಲ್ಲಿ ಆ ವಿಶೇಷಣ ವ್ಯಕ್ತಿಗೆ ಅಂಟಿಕೊಂಡಿತು. ಮಹಾರಾಷ್ಟ್ರದ ಎಷ್ಟೋ ಯೋಜನೆಗಳಲ್ಲಿ ‘ಅನುಸೂಚಿತ ಜಾತಿ ಮತ್ತು ನವಬೌದ್ಧ’ ಎಂದೇ ಇರುತ್ತದೆ.

ಇದು ಬರೀ ಹಂಗಿಸುವ ಪದ ಎಂದು ತೀರ್ಮಾನಿಸಿ ನಾನು ಗೆಳೆಯನೆದುರು ಜೋರಾಗಿ ಮಾತಾಡಿದೆ. ಅವನು ಒಪ್ಪಲಿಲ್ಲ. ಬೌದ್ಧರಾದವರಿಗೆ ಕೇಂದ್ರದ ಪರಿಶಿಷ್ಟ ಜಾತಿಯ ಮಾನ್ಯತೆ ಸಿಕ್ಕಿದ್ದು 1990ರಲ್ಲಿ. ಧರ್ಮ ಬದಲಾದರೂ ಊರು ತಮ್ಮನ್ನು ನೋಡುವ ಕಣ್ಣು ಬದಲಾಗಿಲ್ಲ ಎಂದು ಅದುವರೆಗೆ ಸರ್ಕಾರಕ್ಕೆ ತೋರಿಸಲು ಅವರಿಗೆ ಇದ್ದ ಹೆಸರು ಈ ‘ನವಬೌದ್ಧ’ವೇ. “ಆ ನವ ಇತ್ತು ಅಂತಲೇ ನಮ್ಮಪ್ಪ ಹಾಸ್ಟೆಲ್ ಸೇರಿ ಓದಿದ್ದು” ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರೆ ಊರಲ್ಲಿ ಯಾರಾದ್ರೂ ಹಾಗೆ ಕರೆದರೆ ಅಪ್ಪ ತಿರುಗಿಯೂ ನೋಡಲ್ಲ” ಎಂದ.

ಅರ್ಜಿಯಲ್ಲಿ ಧರ್ಮದ ಜಾಗದಲ್ಲಿ ಅವನು ‘ಬೌದ್ಧ’ ಎಂದು ಬರೆದ. ಲಗತ್ತಿಸಿದ ಪ್ರಮಾಣಪತ್ರದಲ್ಲಿ ‘ನವಬೌದ್ಧ’ ಎಂದೇ ಇತ್ತು. ಎರಡೂ ತಾಳೆಯಾಗುವುದಿಲ್ಲ ಎಂದು ಕಚೇರಿಯವರು ವಾಪಸ್ ಕಳಿಸಿದರು. ಅವನು ಹೊಸ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾನೆ.