1936ರ ನಿರ್ಣಯವೂ ವೈಗೋಟ್ಸ್ಕಿಯ ಗ್ರಂಥವೂ

ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿಯ ‘ಚಿಂತನೆ ಮತ್ತು ಮಾತು’ ಎಂಬ ಗ್ರಂಥವು 1936ರಲ್ಲಿ ನಿಷೇಧಕ್ಕೊಳಗಾಗಿ, ಇಪ್ಪತ್ತು ವರ್ಷ ಅಜ್ಞಾತವಾಸದಲ್ಲಿದ್ದು, 1956ರಲ್ಲಿ ಮರಳಿ ಬೆಳಕು ಕಂಡಿತೆಂಬ ಮಾತು, 1962ರ ಸಂಕ್ಷಿಪ್ತ ಇಂಗ್ಲಿಷ್ ಅನುವಾದದಿಂದ ಆತನನ್ನು ಅರಿತವರ ಬರಹಗಳಲ್ಲಿ ಒಬ್ಬರಿಂದೊಬ್ಬರಿಗೆ ದಾಟುತ್ತ ಬಂದು, ಈಗ ಪ್ರಮಾಣದ ಪದವಿಯನ್ನೇ ಪಡೆದಿದೆ. ಇದಕ್ಕೆ ಆಧಾರವೆಂದು ತೋರಿಸಲ್ಪಡುವುದು, ಪೆಡಾಲಜಿಯೆಂಬ ಶಿಶುವಿಕಾಸಶಾಸ್ತ್ರದ ‘ವಿಕೃತಿ’ಗಳನ್ನು ಖಂಡಿಸಿ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯು 1936ರ ಜುಲೈ 4ರಂದು ಹೊರಡಿಸಿದ ನಿರ್ಣಯ. (ಅದನ್ನು ಉಲ್ಲೇಖಿಸುವವರು ಆಮೂಲಾಗ್ರವಾಗಿ ಓದಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ.)

ಆ ನಿರ್ಣಯದಲ್ಲಿ ವೈಗೋಟ್ಸ್ಕಿಯ ಹೆಸರು ಎಲ್ಲಿಯೂ ಇಲ್ಲ. ಅದು ವಿಧಿಸುವುದು ಇಷ್ಟು: ಶಾಲೆಗಳಲ್ಲಿ ಪೆಡಾಲಜಿಸ್ಟರ ಹುದ್ದೆಗಳು ರದ್ದಾಗಬೇಕು, ಆ ಶಾಸ್ತ್ರದ ಪಠ್ಯಪುಸ್ತಕಗಳನ್ನು ಹಿಂತೆಗೆದುಕೊಳ್ಳಬೇಕು, ವಿಶೇಷ ಶಾಲೆಗಳಿಗೆ ತಳ್ಳಲ್ಪಟ್ಟ ಮಕ್ಕಳಲ್ಲಿ ಬಹುಪಾಲನ್ನು ಸಾಮಾನ್ಯ ಶಾಲೆಗಳಿಗೆ ಮರಳಿಸಬೇಕು, ತಾತ್ವಿಕ ಗ್ರಂಥಗಳ ವಿಷಯದಲ್ಲಿಯಾದರೋ, ಅವನ್ನು ಪತ್ರಿಕೆಗಳಲ್ಲಿ ವಿಮರ್ಶಿಸಬೇಕು. ಪಠ್ಯಪುಸ್ತಕಕ್ಕೆ ಒಂದು ದಂಡನೆ, ತಾತ್ವಿಕ ಗ್ರಂಥಕ್ಕೆ ಇನ್ನೊಂದು ಎಂಬ ಈ ಭೇದವನ್ನು ನಮ್ಮ ಪೂರ್ವಸೂರಿಗಳು ಗಮನಿಸಿದಂತಿಲ್ಲ. 1937ರಲ್ಲಿ ರುದ್ನೇವಾ ಎಂಬಾಕೆ ವೈಗೋಟ್ಸ್ಕಿಯ ವಿರುದ್ಧ ಪ್ರಕಟಿಸಿದ ಕಿರುಹೊತ್ತಗೆಯನ್ನು ನಿಷೇಧದ ಸಾಕ್ಷ್ಯವೆಂದು ಕೆಲವರು ಮುಂದಿಡುವುದುಂಟು. ನನಗೆ ಅದು ವಿಮರ್ಶಾವಿಧಿಯ ಪಾಲನೆಯೆಂದು ತೋರುವುದೇ ಹೊರತು ನಿಷೇಧದ ಕುರುಹೆಂದು ತೋರದು. 1940ರಲ್ಲಿ ಹೊರಬಂದು ಮುಂದೆ ಸ್ಟಾಲಿನ್ ಪಾರಿತೋಷಕ ಪಡೆದ ರೂಬಿನ್‌ಸ್ಟೈನನ ಮನಶ್ಶಾಸ್ತ್ರ ಗ್ರಂಥವು ವೈಗೋಟ್ಸ್ಕಿಯ ಮತವನ್ನು, ಒಪ್ಪದೆಯೇ ಆದರೂ, ಹೆಸರೆತ್ತಿ ಚರ್ಚಿಸುತ್ತದೆ. ಉಚ್ಚರಿಸಲೇಬಾರದ ಹೆಸರಿಗೆ ಇಂಥ ಗೌರವ ಎಲ್ಲಿಂದ ಬರಬೇಕು?

ವ್ಯಕ್ತಿಯನ್ನೇ ದಂಡಿಸಬೇಕೆಂದಾಗ ಸೋವಿಯತ್ ಅಧಿಕಾರವು ಹೆಸರಿಡಲು ಹಿಂಜರಿಯುತ್ತಿರಲಿಲ್ಲವೆಂಬುದಕ್ಕೆ, ಓರ್ಬೆಲಿ ಅನೋಖಿನರಂಥ ಶರೀರಶಾಸ್ತ್ರಜ್ಞರನ್ನು ವೇದಿಕೆಯ ಮೇಲೆಯೇ ಖಂಡಿಸಿದ 1950ರ ಪಾವ್ಲೊವ್ ಅಧಿವೇಶನವೇ ಸಾಕು.

ನಿರ್ಣಯದ ಮುಖ್ಯ ಆಕ್ಷೇಪವು, ಬುದ್ಧಿಪರೀಕ್ಷೆಗಳ ಬಲದಿಂದ ಕಾರ್ಮಿಕರ ರೈತರ ಮಕ್ಕಳಿಗೆ ಮಂದಬುದ್ಧಿಯವರೆಂಬ ಹಣೆಪಟ್ಟಿ ಹಚ್ಚಲಾಗುತ್ತಿದೆ ಎಂಬುದು. ಅದು ಪೂರ್ಣ ಸುಳ್ಳಾಗಿರಲಿಲ್ಲ. ಆದರೆ ಪರೀಕ್ಷೆಯು ಮಗುವಿನ ನಿನ್ನೆಯ ಫಲವನ್ನು ಅಳೆಯುವುದಲ್ಲದೆ, ಹಿರಿಯರ ನೆರವಿನಿಂದ ಅದು ನಾಳೆ ಸಾಧಿಸಬಹುದಾದುದನ್ನು ಅಳೆಯಲಾರದೆಂದು ವಾದಿಸಿ, ‘ಸಮೀಪಸ್ಥ ವಿಕಾಸ ವಲಯ’ದ ಕಲ್ಪನೆಯನ್ನು ಕೊಟ್ಟವನು ಸ್ವತಃ ವೈಗೋಟ್ಸ್ಕಿಯೇ. ಪಕ್ಷವು ತನ್ನ ಒರಟು ಕೈಯಿಂದ ಮುಟ್ಟಿದ ಗಾಯವನ್ನು, 1934ರ ಜೂನಿನಲ್ಲಿ ಕ್ಷಯದಿಂದ ಮೂವತ್ತೇಳನೆಯ ವಯಸ್ಸಿಗೇ ತೀರಿಕೊಂಡ ಈ ವಿದ್ವಾಂಸನು ಅದಕ್ಕಿಂತ ಮೊದಲೇ, ಅದಕ್ಕಿಂತ ಸೂಕ್ಷ್ಮವಾಗಿ ಗುರುತಿಸಿದ್ದನು.

ಭೀತಿಯಿರಲಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಅದು ಆ ನಿರ್ಣಯಕ್ಕಿಂತ ಹಳೆಯದೆಂದಷ್ಟೇ ನನ್ನ ವಾದ. ವೈಗೋಟ್ಸ್ಕಿಯ ಸಹೋದ್ಯೋಗಿಯಾದ ಲೂರಿಯಾ 1931-32ರಲ್ಲಿ ಉಜ್ಬೆಕಿಸ್ತಾನದ ಹಳ್ಳಿಗರ ನಡುವೆ ನಡೆಸಿದ ಪ್ರಯೋಗಗಳು, ರಾಷ್ಟ್ರೀಯ ಅಲ್ಪಸಂಖ್ಯಾತರನ್ನು ಹೀಗಳೆಯುತ್ತವೆಂಬ ಆರೋಪಕ್ಕೆ ಆ ದಶಕದ ಆದಿಯಲ್ಲಿಯೇ ಗುರಿಯಾದುವು. ಅವುಗಳ ಪೂರ್ಣ ವಿವರವು ಪುಸ್ತಕರೂಪದಲ್ಲಿ ಬಂದುದು 1974ರಲ್ಲಿ. ಎಲ್ಲ ಮೌನವನ್ನೂ ಒಂದೇ ತಾರೀಖಿಗೆ ಕಟ್ಟುವವರು ಇದಕ್ಕೇನೆನ್ನುವರೋ ತಿಳಿಯದು.

ಇನ್ನು 1956ರ ಪುನರ್ಮುದ್ರಣ. ಅದನ್ನು ಗ್ರಂಥದ ಬಿಡುಗಡೆಯೆಂದು ಕೊಂಡಾಡುವವರು 1934ರ ಮೊದಲ ಮುದ್ರಣದೊಡನೆ ಹೋಲಿಸಿ ನೋಡುವುದು ಲೇಸು: ಪೆಡಾಲಜಿಯ ಉಲ್ಲೇಖಗಳನ್ನು ಅಲ್ಲಿ ತಿದ್ದಿ ಮರೆಮಾಡಲಾಗಿದೆ, ಆ ಮುದ್ರಣಕ್ಕೆ ಮುನ್ನುಡಿ ಬರೆದವರು ಗುರುವಿನ ಆಪ್ತರಾದ ಲಿಯೊಂಟಿಯೆವ್ ಮತ್ತು ಲೂರಿಯಾ. ಆದುದರಿಂದ ಆ ಪ್ರತಿಯನ್ನು ಮಾತ್ರ ಓದಿದವನಿಗೆ, ವೈಗೋಟ್ಸ್ಕಿಗೆ ಪೆಡಾಲಜಿಯೊಡನೆ ಎಷ್ಟು ನಂಟಿತ್ತೆಂಬುದನ್ನಾಗಲಿ, 1936ರ ನಿರ್ಣಯವು ಆತನ ಯಾವ ವಾಕ್ಯಗಳಿಗೆ ತಗಲಬಹುದಿತ್ತೆಂಬುದನ್ನಾಗಲಿ ನಿರ್ಣಯಿಸಲು ದಾರಿಯೇ ಇರಲಿಲ್ಲ.