ಪ್ರಾಗ್ ನಗರದ ಸಂತ ನಿಕೊಲಾಸನ ಇಗರ್ಜಿ

‘ಬರೋಕ್’ ಶೈಲಿಯನ್ನು ಬರಿಯ ಆಡಂಬರವೆಂದು ಜರೆದವರುಂಟು. ಆ ಮಾತನ್ನು ನಾವು ಪೂರ್ತಿಯಾಗಿ ಅಲ್ಲಗಳೆಯಲಾರೆವು. ಆದರೂ ಪ್ರಾಗ್ ನಗರದ ಮಾಲಾ ಸ್ತ್ರಾನಾ ಪೇಟೆಯಲ್ಲಿರುವ ಸಂತ ನಿಕೊಲಾಸನ ಇಗರ್ಜಿಯ ವಿಷಯದಲ್ಲಿ, ಆಡಂಬರಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿರುವುದು: ಈ ಕಟ್ಟಡ ಯಾರದು?

13ನೆಯ ಶತಮಾನದಿಂದಲೂ ಅಲ್ಲಿ ಪೇಟೆಯವರದೇ ಆದ ಇಗರ್ಜಿಯೊಂದಿದ್ದಿತು. ನೆರೆಹೊರೆಯವರ ದೀಕ್ಷಾಸ್ನಾನ, ವಿವಾಹ, ಉತ್ತರಕ್ರಿಯೆಗಳೆಲ್ಲ ನಡೆಯುತ್ತಿದ್ದುದು ಅಲ್ಲಿಯೇ. 1620ರಲ್ಲಿ ಶ್ವೇತಪರ್ವತದ ಕಾಳಗದಲ್ಲಿ ಬೊಹೀಮಿಯದ ಪ್ರಾಟೆಸ್ಟೆಂಟ್ ಪಕ್ಷ ಸೋತಿತು. ಕೆಲವೇ ವರ್ಷಗಳಲ್ಲಿ ಇಗರ್ಜಿಯು ಜೆಸ್ಯುಯಿಟ್ ಸಂಘದವರ ವಶವಾಯಿತು. ಅವರು ಕಾಲಕ್ರಮದಲ್ಲಿ ಹಳೆಯದನ್ನು ತೆಗೆಸಿ, ತಮ್ಮ ವೈಭವಕ್ಕೆ ತಕ್ಕ ಹೊಸ ಮಂದಿರವನ್ನೆತ್ತಿಸಿದರು.

ಇದು ಒಂದೇ ಮನೆತನದ ಮೂರು ಕೈಗಳ ಕೆಲಸ. 1703ರಿಂದ 1711ರವರೆಗೆ ಕ್ರಿಸ್ಟಾಫ್ ಡೀಂಟ್ಸೆನ್‌ಹೋಫರನು ಮುಂಭಾಗವನ್ನೂ ಸಭಾಂಗಣವನ್ನೂ ಕಟ್ಟಿದನು. ಆ ಮುಂಭಾಗದ ಗೋಡೆ ನೆಟ್ಟಗೆ ನಿಂತದ್ದಲ್ಲ. ನೀರಿನ ತೆರೆಯಂತೆ ಒಮ್ಮೆ ಉಬ್ಬಿ ಒಮ್ಮೆ ತಗ್ಗುವುದು. ಮಗನಾದ ಕಿಲಿಯಾನ್ ಇಗ್ನಾಟ್ಸನು 1737ರಿಂದ ಗರ್ಭಾಂಗಣವನ್ನೂ ದೊಡ್ಡ ಗುಮ್ಮಟವನ್ನೂ ಕೈಗೊಂಡು, 1751ರಲ್ಲಿ ತೀರಿಕೊಂಡನು. ಪಕ್ಕದ ಗಂಟೆಗೋಪುರವನ್ನು ಮುಗಿಸಿದವನು ಅವನ ಅಳಿಯ ಆನ್ಸೆಲ್ಮೊ ಲುರಾಗೊ. ತೆಳುವಾದ ಗೋಪುರವೂ ತುಂಬುಮೈಯ ಗುಮ್ಮಟವೂ ಜೊತೆಯಾಗಿ ನಿಂತಿರುವ ನೋಟವೇ ಇಂದು ಆ ಪೇಟೆಯ ಗುರುತು.

ಒಳಗೆ ಕಾಲಿಟ್ಟವನ ಕಣ್ಣು ಮೊದಲು ಮೋಸಹೋಗುವುದು. ಅಮೃತಶಿಲೆಯೆಂದು ನಾವು ಬಗೆವುದರಲ್ಲಿ ಬಹುಪಾಲು, ಬಣ್ಣ ಬೆರಸಿ ನಯಮಾಡಿದ ಗಾರೆ. ಕ್ರಿಸ್ಟಾಫನು ಮೇಲ್ಛಾವಣಿಯಲ್ಲಿ ಒಂದನ್ನೊಂದು ಹಾಯುವ ಏಣುಗಳನ್ನು ಹೆಣೆದಿದ್ದನು. ಮುಂದೆ ಅವುಗಳನ್ನು ಸಮಮಾಡಿಸಿ, 1760ರ ಸುಮಾರಿನಲ್ಲಿ ಯೋಹಾನ್ ಲುಕಾಸ್ ಕ್ರಾಕರನು ಸುಮಾರು 1500 ಚದರ ಮೀಟರು ವಿಸ್ತಾರದ ಚಿತ್ರವನ್ನು ಬರೆದನು. ಕಲ್ಲುಗೋಡೆ ಎಲ್ಲಿ ಮುಗಿಯಿತು, ಬರೆದ ಗೋಡೆ ಎಲ್ಲಿ ಮೊದಲಾಯಿತು ಎಂಬುದು ತಿಳಿಯದು. ಚಿತ್ರ ಅದ್ಭುತವೇ ಸರಿ. ಆದರೂ ಆ ಏಣುಗಳನ್ನು ಕಳೆದುಕೊಂಡುದಕ್ಕಾಗಿ ನಮಗೆ ವ್ಯಥೆಯಿದೆ.

ಇಷ್ಟು ಸಿಂಗರಿಸಿದವರಿಗೆ ಅದು ಬಹುಕಾಲ ಉಳಿಯಲಿಲ್ಲ. 1773ರಲ್ಲಿ ಪೋಪರು ಜೆಸ್ಯುಯಿಟ್ ಸಂಘವನ್ನೇ ವಿಸರ್ಜಿಸಿದರು. 1775ರಲ್ಲಿ ಇಗರ್ಜಿಯು ಮತ್ತೆ ಪೇಟೆಯವರದಾಯಿತು. 1791ರ ಡಿಸೆಂಬರ್ 5ರಂದು ವಿಯೆನ್ನದಲ್ಲಿ ಮೊಟ್ಸಾರ್ಟ್ ತೀರಿಕೊಂಡಾಗ, ಅವನ ಆತ್ಮಶಾಂತಿಗಾಗಿ ಪ್ರಾಗಿನ ಜನ ಸಾವಿರಗಟ್ಟಲೆ ನೆರೆದು, ಅದೇ ತಿಂಗಳ 14ರಂದು ಪೂಜೆ ನಡೆಸಿದುದು ಈ ಗುಮ್ಮಟದಡಿಯಲ್ಲಿಯೇ.

ಗೋಪುರದ ಕಥೆ ಮಾತ್ರ ಬೇರೆ. ಇಗರ್ಜಿಗೆ ಅಂಟಿಕೊಂಡಿದ್ದರೂ ಅದು ನಗರಸಭೆಯ ಸ್ವತ್ತು. ಅದರ ಬಾಗಿಲೂ ಬೇರೆಯೇ. ಬೆಂಕಿಯ ಸುಳಿವು ಕಂಡೊಡನೆ ಊರಿಗೆ ತಿಳಿಸಲು ಕಾವಲುಗಾರನು ಅಲ್ಲಿ ವಾಸವಾಗಿದ್ದನು. ಕಮ್ಯೂನಿಸ್ಟ್ ಆಳ್ವಿಕೆಯಲ್ಲಿ ಗುಪ್ತ ಪೋಲೀಸರು ಅದೇ ಎತ್ತರದಲ್ಲಿ ಕುಳಿತು, ಸುತ್ತಲಿನ ಪಾಶ್ಚಾತ್ಯ ರಾಯಭಾರ ಕಚೇರಿಗಳಿಗೆ ಹೋಗಿಬರುವವರನ್ನು ಎಣಿಸುತ್ತಿದ್ದರು.