ಏರಿಯ ಆಚೆಗಿನ ಊರು

ವಿಜಯವಾಡದ ದೊಡ್ಡ ಬೀದಿಗೆ ಕಾಗದದ ಮೇಲೆ ಮಹಾತ್ಮ ಗಾಂಧಿಯವರ ಹೆಸರಿದೆ. ಆದರೆ ಊರಿನವರ ಬಾಯಲ್ಲಿ ಅದು ಇವತ್ತಿಗೂ ಬಂದರ್ ರೋಡ್. ಸೀರೆ ಅಂಗಡಿ, ಆಸ್ಪತ್ರೆ, ಬಿರಿಯಾನಿ ಹೋಟೆಲುಗಳನ್ನು ದಾಟಿ ಆ ಬೀದಿಯಲ್ಲೇ ನೇರ ಹೋದರೆ ಎಪ್ಪತ್ತು ಕಿಲೋಮೀಟರಿಗೆ ಬಂದರ್ ಸಿಗುತ್ತದೆ. ನಕ್ಷೆಯಲ್ಲಿ ಅದರ ಹೆಸರು ಮಚಲಿಪಟ್ಟಣಂ. ಬಂದರ್ ಎಂದರೆ ಪಾರ್ಸಿಯಲ್ಲಿ ಹಡಗುದಾಣ, ಮಚಲಿ ಎಂದರೆ ಮೀನು. ಎರಡು ಹೆಸರಲ್ಲಿ ದೊಡ್ಡ ಹಡಗುಗಳ ಹೆಸರು ಹುಸಿಯಾಗಿ ನೂರೈವತ್ತು ವರ್ಷದ ಮೇಲಾಯಿತು. ಮೀನಿನದು ಮಾತ್ರ ಉಳಿದಿದೆ.

ನಾನು ಅಲ್ಲಿಗೆ ಹೋದದ್ದು ವಿಶಾಖಪಟ್ಟಣದಿಂದ. ಚಿಕ್ಕಪ್ಪನ ಮಗ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿದ್ದಾನೆ, ಅವನ ಮನೆಯಲ್ಲಿ ಎರಡು ದಿನ ಇದ್ದೆ. ವಿಶಾಖಪಟ್ಟಣದ ಅದೃಷ್ಟ ಏನೆಂದು ತಿಳಿಯಲು ಪುಸ್ತಕ ಬೇಡ, ಬೀಚ್ ರಸ್ತೆಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಸಾಕು. ಡಾಲ್ಫಿನ್ಸ್ ನೋಸ್ ಎಂಬ ಗುಡ್ಡ ಸಮುದ್ರಕ್ಕೆ ಮೂಗು ಚಾಚಿ ಕೂತಿದೆ. ಅದರ ಮರೆಯಲ್ಲಿ ಹಡಗು ನಿಲ್ಲಬಹುದು. 1933ರಲ್ಲಿ ಅಲ್ಲಿ ಬಂದರು ಉದ್ಘಾಟನೆಯಾಯಿತು, ನೌಕಾಪಡೆ ಬಂತು, ಊರು ಬೆಳೆಯಿತು. ರಾತ್ರಿ ರೈಲು ಹತ್ತಿ ಮುನ್ನೂರೈವತ್ತು ಕಿಲೋಮೀಟರ್ ಕೆಳಗಿಳಿದರೆ ಅಂಥ ಗುಡ್ಡ ಎಲ್ಲೂ ಇಲ್ಲ. ಕೃಷ್ಣೆ ತಂದು ಸುರಿದ ಮೆಕ್ಕಲು ಮಣ್ಣು, ಅಂಗೈಯಷ್ಟು ಸಪಾಟು.

ಬಂದರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಮೊದಲು ಕಾಣುವುದು ಕಾಲುವೆ, ಆಮೇಲೆ ಭತ್ತ, ಆಮೇಲೆ ಸಿಗಡಿ ಕೊಳ. ಎಲ್ಲದರ ಸುತ್ತ ಮಣ್ಣಿನ ಏರಿ. ಬಯಲುಸೀಮೆಯ ನಮಗೆ ಏರಿ ಎಂದರೆ ನೀರನ್ನು ಒಳಗೆ ಹಿಡಿಯುವ ಕೆರೆ ಏರಿ. ಇಲ್ಲಿ ಅದರ ಕೆಲಸ ತಿರುವುಮುರುವು, ನೀರನ್ನು ಹೊರಗೆ ತಡೆಯುವುದು. ಕುಮಟಾ ಕಡೆಯ ಓದುಗರಿಗೆ ಇದು ಹೊಸದಲ್ಲ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆಯಲು ಕಟ್ಟುವ ಒಡ್ಡು, ಅದರೊಳಗಿನ ಕಗ್ಗ ಭತ್ತ ಅವರಿಗೆ ಗೊತ್ತು. ಇಲ್ಲಿ ಅದೇ ಸಂಗತಿ ಒಂದು ನಾಡಿನಷ್ಟು ಅಗಲಕ್ಕೆ ಹಬ್ಬಿದೆ. ತೆಲುಗಿನವರು ಅದಕ್ಕೆ ಕರಕಟ್ಟ ಎನ್ನುತ್ತಾರೆ.

ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದವರು ಈ ತೀರವನ್ನು ಮಸಾಲಿಯಾ, ಮೈಸೋಲಿಯಾ ಎಂದು ಕರೆದು ಇಲ್ಲಿನ ತೆಳು ಬಟ್ಟೆಯನ್ನು ಹೊಗಳಿದ್ದಾರೆ. ಹದಿನೇಳನೇ ಶತಮಾನಕ್ಕೆ ಇದು ಗೋಲ್ಕೊಂಡದ ಸುಲ್ತಾನರ ಮುಖ್ಯ ಬಂದರು. ಡಚ್ಚರು 1605–06ರ ಹೊತ್ತಿಗೆ ಬಂದು ಕೋಠಿ ತೆರೆದರು, ಇಂಗ್ಲಿಷರು 1611ರಲ್ಲಿ. ಇಲ್ಲಿಂದ ಕಲಂಕಾರಿ ಬಟ್ಟೆ ಪರ್ಷಿಯಾಕ್ಕೂ ಜಾವಾ ಕಡೆಗೂ ಹೋಯಿತು. ಪಕ್ಕದ ಪೆಡನದಲ್ಲಿ ಈಗಲೂ ಮರದ ಅಚ್ಚು ಹಿಡಿದು ಆ ಕೆಲಸ ಮಾಡುವವರಿದ್ದಾರೆ.

ಇಷ್ಟು ದೊಡ್ಡ ಬಂದರಿನಲ್ಲಿ ಹಡಗು ದಡಕ್ಕೆ ಬರುತ್ತಲೇ ಇರಲಿಲ್ಲ ಎಂಬುದು ನನಗೆ ಬಹಳ ಕಾಲ ಹೊಳೆದಿರಲಿಲ್ಲ. ಕಡಲು ಅಷ್ಟು ಆಳವಿಲ್ಲ. ಹಡಗುಗಳು ಮೈಲಿಗಟ್ಟಲೆ ದೂರದಲ್ಲಿ ಲಂಗರು ಹಾಕುತ್ತಿದ್ದವು. ಅಲ್ಲಿಂದ ದಡದವರೆಗೆ ಸರಕು, ಬೆಳ್ಳಿ, ಕಂಪನಿಯ ಸಾಹೇಬರು ಎಲ್ಲ ಬರಬೇಕಾದದ್ದು ಸ್ಥಳೀಯರ ದೋಣಿಯಲ್ಲೇ. ಕೋರಮಂಡಲದ ಅಲೆ ದಾಟುವ ಅಂಥ ದೋಣಿಗಳನ್ನು ಯುರೋಪಿನವರು ಮಸೂಲಾ ಎಂದು ಕರೆದರು. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದವು, ಮೊಳೆ ಇಲ್ಲ. ಅಲೆ ಹೊಡೆದರೆ ಬಿರಿಯದೆ ಬಳುಕುತ್ತಿದ್ದವು. ಕಂಪನಿಗಳ ಇತಿಹಾಸ ಓದಿದರೆ ಸುಲ್ತಾನರ ಫರ್ಮಾನು, ಕಪ್ತಾನರ ಜಗಳ ಸಿಗುತ್ತದೆ. ದೋಣಿ ಹುಟ್ಟು ಹಾಕಿದವರ ಹೆಸರು ಸಿಗುವುದಿಲ್ಲ.

ಡಚ್ಚರ ಹೆಸರುಗಳು ಸಿಗುತ್ತವೆ. ಅವರ ಸ್ಮಶಾನ ಬಂದರಿನಲ್ಲಿ ಈಗಲೂ ಇದೆ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ. ಬಾಗಿಲಿಗೆ ಬೀಗ ಇತ್ತು, ಪಕ್ಕದ ಮನೆಯವರು ಯಾರನ್ನೋ ಕೂಗಿ ತೆಗೆಸಿದರು. ಚಪ್ಪಟೆ ಸಮಾಧಿ ಕಲ್ಲುಗಳ ಮೇಲೆ ಮನೆತನದ ಲಾಂಛನ, ಹೂಬಳ್ಳಿ, ಉಬ್ಬಿದ ಅಕ್ಷರ. ಕೆತ್ತನೆ ನೋಡಿದರೆ ಇಲ್ಲಿನ ಶಿಲ್ಪಿಗಳ ಕೈ ಎಂದೇ ಅನಿಸಿತು. ಸಮುದ್ರಮಟ್ಟಕ್ಕಿಂತ ತಗ್ಗಿನ ನೆಲಕ್ಕೆ ಏರಿ ಕಟ್ಟಿ ಬದುಕುವುದನ್ನು ಕಲಿತಿದ್ದ ಜನ ಅವರು. ಆ ವಿದ್ಯೆ ಅವರ ಜೊತೆ ಹಡಗು ಹತ್ತಲಿಲ್ಲ. ಅವರು ಬಂದದ್ದು ಬಟ್ಟೆಗೆ.

ಬಂದರ್ ಕೋಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲವು ಗೋಡೆಗಳು, ಮುಳ್ಳುಗಿಡ, ಆಡು. ಒಂದು ಮಾತು ಮಾತ್ರ. 1759ರ ಏಪ್ರಿಲ್‌ನಲ್ಲಿ ಕರ್ನಲ್ ಫೋರ್ಡ್ ಇದನ್ನು ಫ್ರೆಂಚರಿಂದ ಕಸಿದುಕೊಂಡ ರಾತ್ರಿ, ದಾಟಲಾಗದು ಎಂದು ಎಲ್ಲರೂ ನಂಬಿದ್ದ ಕೆಸರಿನ ಕಡೆಯಿಂದಲೂ ಒಂದು ತುಕಡಿಯನ್ನು ಕಳಿಸಿದ್ದ. ಕೋಟೆಯ ಅರ್ಧ ಬಲ ಆ ಜೌಗು.

ಬಂದರಿನ ಕಥೆ ಮುಗಿಸಿದ್ದು ಫಿರಂಗಿಯಲ್ಲ. 1864ರ ನವೆಂಬರ್ 1ರ ರಾತ್ರಿ ಚಂಡಮಾರುತದ ಜೊತೆ ಸಮುದ್ರವೇ ಎದ್ದು ಊರೊಳಗೆ ಬಂತು. ನೀರು ಸುಮಾರು ಹದಿಮೂರು ಅಡಿ ಏರಿತ್ತೆಂದು ದಾಖಲೆ. ಸತ್ತವರು ಸುಮಾರು 30,000. ಹೀಗೆ ಗಾಳಿಯ ಒತ್ತಡಕ್ಕೆ ಸಮುದ್ರ ಉಕ್ಕಿ ನೆಲಕ್ಕೆ ನುಗ್ಗುವುದಕ್ಕೆ ತೆಲುಗಿನಲ್ಲಿ ಒಂದೇ ಪದ ಇದೆ: ಉಪ್ಪೆನ. ಕನ್ನಡದಲ್ಲಿ ನಾವು ಒಂದು ವಾಕ್ಯ ಕಟ್ಟಬೇಕು. ಒಂದು ಭಾಷೆಗೆ ಅಂಥ ಪದ ಬೇಕಾಗುವುದು ಎಷ್ಟು ಸಲ ಬಂದ ಮೇಲೆ ಎಂದು ಯೋಚಿಸುತ್ತೇನೆ.

ಅದೇ ವರ್ಷ ಅಕ್ಟೋಬರ್ 5ರಂದು ಕಲ್ಕತ್ತಾಕ್ಕೂ ಇಂಥದೇ ಚಂಡಮಾರುತ ಬಡಿದಿತ್ತು. ಮರುವರ್ಷ ಕಲ್ಕತ್ತಾ ಬಂದರಿಗೆ ಬಿರುಗಾಳಿ ಮುನ್ನೆಚ್ಚರಿಕೆಯ ವ್ಯವಸ್ಥೆ ಬಂತು, 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು. ಮೊದಲ ಎಚ್ಚರಿಕೆ ಯಾರಿಗೆ ಎಂಬುದನ್ನು ಗಮನಿಸಿ. ಹಡಗಿಗೆ. ಗುಡಿಸಲಿಗೆ ಅದು ತಲುಪಲು ನೂರು ವರ್ಷದ ಮೇಲೆ ಹಿಡಿಯಿತು.

ಉಪ್ಪೆನಕ್ಕೆ ಒಂಬತ್ತು ವರ್ಷ ಮೊದಲು, 1855ರಲ್ಲಿ, ಆರ್ಥರ್ ಕಾಟನ್ ಯೋಜನೆಯಂತೆ ವಿಜಯವಾಡದಲ್ಲಿ ಕೃಷ್ಣೆಗೆ ಅಣೆಕಟ್ಟು ಮುಗಿದಿತ್ತು. ಅದರ ಜಾಗದಲ್ಲಿ 1957ರಿಂದ ಪ್ರಕಾಶಂ ಬ್ಯಾರೇಜ್ ಇದೆ. ಕಾಲುವೆ ಬಂತು, ಭತ್ತ ಬಂತು, ಶ್ರೀಮಂತಿಕೆ ಬಂತು. ಆ ಗದ್ದೆಗಳನ್ನು ಕಾಯಲು ಕರಕಟ್ಟಗಳು ಎತ್ತರವಾದವು. ಭತ್ತದ ಊರುಗಳು ಏರಿಯ ಒಳಗೆ, ಮೀನಿನ ಊರುಗಳು ಬಹುಪಾಲು ಹೊರಗೆ. ಯಾರೂ ಕೂತು ಹಾಗೆ ತೀರ್ಮಾನಿಸಿರಲಿಕ್ಕಿಲ್ಲ. ದೋಣಿಯ ಹತ್ತಿರ ಮನೆ ಇರಬೇಕಾದವನು ಸಮುದ್ರದ ಕಡೆಗೇ ಇರುತ್ತಾನೆ. ಆದರೆ ಏರಿಯನ್ನು ಎಲ್ಲಿ ಹಾಕುವುದು ಎಂದು ಗೆರೆ ಎಳೆದವರು ಲೆಕ್ಕ ಹಾಕಿದ್ದು ಗದ್ದೆಯ ಬೆಲೆಯನ್ನು.

ಮರುದಿನ ಆ ಗೆರೆಯ ಆಚೆಗೆ ಹೋದೆ. ಪುಲಿಗಡ್ಡದ ಬಳಿ ಕೃಷ್ಣೆ ಕವಲೊಡೆಯುತ್ತದೆ, ಕವಲುಗಳ ನಡುವಿನ ನೆಲವೇ ದಿವಿಸೀಮೆ. ಅವನಿಗಡ್ಡ, ನಾಗಾಯಲಂಕ ದಾಟಿ ಆಟೋ ಕರಕಟ್ಟದ ಮೇಲೆಯೇ ಓಡಿತು. ಎಡಕ್ಕೂ ಬಲಕ್ಕೂ ಸಿಗಡಿ ಕೊಳ, ನೀರು ಕಡೆಯುವ ಚಕ್ರಗಳ ಸದ್ದು. ದೂರದಲ್ಲಿ ಕಾಂಡ್ಲಾ ಕಾಡಿನ ಹಸಿರು ಗೀಟು. ಕೆಲವು ಕಡೆ ಏರಿ ಎಷ್ಟು ತಗ್ಗಾಗಿತ್ತೆಂದರೆ, ಇದೇ ಏರಿಯೋ ಬರೀ ರಸ್ತೆಯೋ ಎಂದು ಚಾಲಕನನ್ನು ಕೇಳಿದೆ. ‘ಎರಡೂ ಸಾರ್’ ಎಂದ.

ಸೊರ್ಲಗೊಂದಿ ಅಂಥ ಒಂದು ಮೀನುಗಾರರ ಊರು. 1977ರ ನವೆಂಬರ್ 19ರ ಸಂಜೆ ದಿವಿಸೀಮೆಗೆ ಬಂದ ಉಪ್ಪೆನದ ಎತ್ತರ ಸುಮಾರು ಐದು ಮೀಟರ್. ಸತ್ತವರು ಸರ್ಕಾರಿ ಲೆಕ್ಕಕ್ಕೇ ಸುಮಾರು ಹತ್ತು ಸಾವಿರ. ದೇಶದ ಮೊದಲ ಚಂಡಮಾರುತ ಪತ್ತೆ ರಾಡಾರ್ ಆಗಲೇ ಏಳು ವರ್ಷದಿಂದ ವಿಶಾಖಪಟ್ಟಣದಲ್ಲಿತ್ತು. ಬಿರುಗಾಳಿ ಬರುವುದು ಗೊತ್ತಿತ್ತು. ಗೊತ್ತಾದ ಮೇಲೆ ಓಡಿ ಹತ್ತಲು ಒಂದು ಎತ್ತರದ ಜಾಗ ಇರಲಿಲ್ಲ.

ಬಲೆಯ ಹರಕು ಹೊಲಿಯುತ್ತ ಕೂತಿದ್ದ ಅಜ್ಜಿಯೊಬ್ಬರು ಆಗ ಹುಡುಗಿ. ‘ತುಮ್ಮ ಮರ ಹತ್ತಿದೆ ಬಾಬೂ’ ಎಂದರು. ತುಮ್ಮ ಎಂದರೆ ನಮ್ಮ ಜಾಲಿ. ಮುಳ್ಳು ಮೈಯೆಲ್ಲ ಸೀಳಿತ್ತಂತೆ. ‘ಮುಳ್ಳಿದ್ದದ್ದಕ್ಕೇ ಕೈ ಜಾರಲಿಲ್ಲ.’ ತಮ್ಮನ ಕೈ ಮಾತ್ರ ಜಾರಿತು. ಅದನ್ನು ಹೇಳುವಾಗಲೂ ಅವರ ಸೂಜಿ ನಿಲ್ಲಲಿಲ್ಲ. ನಾನು ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿದೆ.

1953ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಉತ್ತರ ಸಮುದ್ರ ಹೀಗೇ ಉಕ್ಕಿ 1,836 ಜನ ಸತ್ತರು. ಆ ದೇಶ ಅದರ ನಂತರ ನಾಲ್ಕು ದಶಕ ಕಾಮಗಾರಿ ನಡೆಸಿ ತೀರವನ್ನೇ ಕಟ್ಟಿಹಾಕಿತು. ನಮ್ಮಲ್ಲಿ ಅಷ್ಟು ದುಡ್ಡು ಇರಲಿಲ್ಲ, ಬಂದದ್ದು ಕಂಬಗಳ ಮೇಲೆ ನಿಂತ ಕಾಂಕ್ರೀಟಿನ ಆಶ್ರಯ ಕಟ್ಟಡಗಳು. ಇದನ್ನು ನಾನು ಕೊರತೆಯೆಂದು ಹೇಳುತ್ತಿಲ್ಲ. 1990ರ ಮೇ 9ರಂದು ಅಷ್ಟೇ ಭೀಕರವಾದ ಚಂಡಮಾರುತ ಇದೇ ಕೃಷ್ಣೆಯ ಮುಖದ ಬಳಿ ಬಂತು. ಮೊದಲೇ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿದ್ದರು. ಸತ್ತವರು 967. ಹತ್ತು ಸಾವಿರದಿಂದ ಸಾವಿರದೊಳಕ್ಕೆ ಇಳಿಸಿದ್ದು ಏರಿಯಲ್ಲ, ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟಿದವರು ಮತ್ತು ಹತ್ತಲು ಒಂದು ಮಹಡಿ. ಸೊರ್ಲಗೊಂದಿಯಂಥ ಊರಿಗೆ ಏರಿಯ ಒಳಗೆ ಬಾ ಎನ್ನುವುದಕ್ಕಿಂತ ಇದೇ ನ್ಯಾಯ ಅನಿಸುತ್ತದೆ.

ಬಂದರಿಗೆ ಮರಳಿ ಗಿಲಕಲದಿಂಡಿಯ ಮೀನು ಬಂದರಿಗೂ ಹೋದೆ. ಅಳಿವೆಯ ಬಾಯಲ್ಲಿ ಮರಳು ತುಂಬುತ್ತದೆ, ದೋಣಿಗಳು ಭರತ ಬರುವವರೆಗೆ ಕಾಯಬೇಕು. ದೊಡ್ಡ ಹಡಗಿನ ಬಂದರಿಗಾಗಿ ಈ ಊರಿನಲ್ಲಿ 2008, 2019, 2023ರಲ್ಲಿ ಮೂವರು ಮುಖ್ಯಮಂತ್ರಿಗಳು ಒಬ್ಬರಾದ ಮೇಲೆ ಒಬ್ಬರು ಶಂಕುಸ್ಥಾಪನೆ ಮಾಡಿದ್ದಾರೆ. ಡಚ್ಚರ ಕಲ್ಲುಗಳ ಜೊತೆ ಇವನ್ನೂ ಓದಿಕೊಳ್ಳಬಹುದು.

ಸೊರ್ಲಗೊಂದಿಯಿಂದ ಹೊರಡುವಾಗ ಅಜ್ಜಿ ಎಲ್ಲಿಯವನೆಂದು ಕೇಳಿದ್ದರು. ಕರ್ನಾಟಕ ಎಂದೆ. ‘ಆಲಮಟ್ಟಿ ನಿಮ್ಮ ಕಡೆಯದೇ ಅಲ್ಲವಾ?’ ಹೌದು ಅಂದೆ, ಬೈಯುತ್ತಾರೇನೋ ಎಂದುಕೊಂಡು. ‘ತುಂಬಿದೆಯಾ ಈ ಸಲ?’ ಕೃಷ್ಣೆಯ ಸಿಹಿನೀರು ಕಡಲಿಗೆ ಬಂದು ಬೆರೆತರೇ ಅಳಿವೆಯಲ್ಲಿ ಮೀನು ಹೆಚ್ಚು. ಮೇಲಿನ ಅಣೆಕಟ್ಟುಗಳಲ್ಲಿ ನೀರಿನ ಜೊತೆ ಮಣ್ಣೂ ನಿಲ್ಲುತ್ತದೆ, ಇಲ್ಲಿ ದಡ ಸವೆಯುತ್ತದೆ. ತುಂಬಿದೆ, ಗೇಟು ತೆಗೆದಿದ್ದಾರೆ ಎಂದು ಪೇಪರಿನಲ್ಲಿ ಓದಿದ್ದನ್ನು ಹೇಳಿದೆ.

‘ಹಾಗಾದರೆ ಬರುತ್ತೆ’ ಎಂದು ಅಜ್ಜಿ ಬಲೆಯನ್ನು ಮಗ್ಗುಲು ಬದಲಿಸಿಕೊಂಡರು.